ಎರಡನೇ ತೇಪೆಯಲ್ಲಿ ಏನು ಬದಲಾಯ್ತು? ಕೋಡ್ ಪರಿಶೀಲನೆಯ ಒಂದು ಹಳೇ ತಲೆನೋವಿನ ಕಥೆ

ಇವತ್ತಿನ ಮಾತು ಸಾಫ್ಟ್‌ವೇರ್ ಕೆಲಸದಲ್ಲಿ ಇರೋರಿಗೆಲ್ಲ ಪರಿಚಯ ಇರೋ ಒಂದು ಪ್ರಶ್ನೆಯ ಬಗ್ಗೆ. ಪುಣೆಯ ಹಿಂಜವಡಿಯಲ್ಲೋ, ಹೈದರಾಬಾದಿನ ಗಚ್ಚಿಬೌಲಿಯಲ್ಲೋ, ಮುಂಬೈಯ ಪೊವಾಯಿಯಲ್ಲೋ ಕೂತು ಕೋಡ್ ಬರೆಯೋ ನಮ್ಮವರು ಇದನ್ನ ದಿನಾ ನೋಡ್ತಾರೆ. ಈ ಕೆಲಸದಲ್ಲಿ ಇಲ್ಲದವರೂ ಕೇಳಬಹುದು, ಅರ್ಥ ಆಗೋ ಹಾಗೇ ಹೇಳ್ತೀನಿ.

ವಿಷಯ ಇಷ್ಟು. ನೀವು ಒಂದು ಪ್ರೋಗ್ರಾಮಿಗೆ ಬದಲಾವಣೆ ಬರೆದು ಕಳಿಸ್ತೀರಿ. ಇನ್ನೊಬ್ಬರು ಅದನ್ನ ಓದಿ ಹತ್ತು ತಪ್ಪು ಎತ್ತಿ ತೋರಿಸ್ತಾರೆ. ನೀವು ತಿದ್ದಿ ಮತ್ತೆ ಕಳಿಸ್ತೀರಿ. ಈಗ ಆ ಕಡೆ ಕೂತವರ ಸ್ಥಿತಿ ಯೋಚನೆ ಮಾಡಿ. ಮೊದಲನೇ ಸಲ ಎಂಟುನೂರು ಸಾಲು ಓದಿದ್ದಾರೆ. ಅದಾಗಿ ಎರಡು ವಾರ ಕಳೆದಿದೆ, ಮಧ್ಯೆ ಬೇರೆಯವರ ಹದಿನೈದು ಬದಲಾವಣೆ ಓದಿದ್ದಾರೆ. ಈಗ ಮತ್ತೆ ಎಂಟುನೂರು ಸಾಲು ಬಂದು ಮುಂದೆ ಕೂತಿದೆ. ಇದರಲ್ಲಿ ಹೊಸದು ಯಾವುದು? ನಾನು ಹೇಳಿದ್ದು ಆಗಿದೆಯಾ? ನಾನು ಹೇಳದೇ ಇದ್ದದ್ದೂ ಏನಾದ್ರೂ ನುಸುಳಿದೆಯಾ? ಪೂರ್ತಿ ಮತ್ತೆ ಓದೋಕೆ ವೇಳೆ ಇಲ್ಲ. ಓದದೇ ಸಹಿ ಹಾಕೋಕೆ ಮನಸ್ಸಿಲ್ಲ.

ಇದು ಇವತ್ತಿನ ಸಮಸ್ಯೆ ಅಲ್ಲ. ಇದಕ್ಕೆ ಉತ್ತರ ಹುಡುಕೋ ಪ್ರಯತ್ನಕ್ಕೆ ಹತ್ತಿರ ಹತ್ತಿರ ಐವತ್ತು ವರ್ಷದ ಇತಿಹಾಸ ಇದೆ. ಅದನ್ನ ಒಂದು ಸುತ್ತು ನೋಡಿ ಬರೋಣ.

ಮೊದಲು ಆ ಶಬ್ದ. ಪ್ಯಾಚ್ ಅಂದ್ರೆ ತೇಪೆ. ಹರಿದ ಬಟ್ಟೆಗೆ ಹಾಕ್ತೀವಲ್ಲ, ಅದೇ. ಕಂಪ್ಯೂಟರ್ ಜಗತ್ತಿಗೆ ಈ ಪದ ಬಂದಿದ್ದು ಅಲಂಕಾರವಾಗಿ ಅಲ್ಲ, ಅಕ್ಷರಶಃ. 1944ರಲ್ಲಿ ಹಾರ್ವರ್ಡ್‌ನಲ್ಲಿ ಕೆಲಸ ಶುರು ಮಾಡಿದ ಮಾರ್ಕ್ ಒನ್ ಯಂತ್ರಕ್ಕೆ ಪ್ರೋಗ್ರಾಮು ಕೊಡ್ತಿದ್ದದ್ದು ರಂಧ್ರ ಹೊಡೆದ ಕಾಗದದ ಪಟ್ಟಿಯಲ್ಲಿ. ತಪ್ಪು ಜಾಗದಲ್ಲಿ ರಂಧ್ರ ಬಿದ್ದಿದ್ರೆ ಅದರ ಮೇಲೆ ಕಾಗದದ ತುಂಡು ಅಂಟಿಸಿ ಮುಚ್ಚೋರು. ಹಾಗೆ ತೇಪೆ ಹಚ್ಚಿದ ಪಟ್ಟಿಯ ಚಿತ್ರ ಇವತ್ತಿಗೂ ನೋಡಲಿಕ್ಕೆ ಸಿಗುತ್ತೆ. ಗಮನಿಸಿ, ಅಲ್ಲಿ ಪರಿಶೀಲಿಸೋರಿಗೆ ಯಾವ ಕಷ್ಟವೂ ಇರಲಿಲ್ಲ. ತೇಪೆ ಎಲ್ಲಿದೆ ಅಂತ ಕಣ್ಣಿಗೇ ಕಾಣ್ತಿತ್ತು! ಕೋಡು ಪರದೆ ಮೇಲಿನ ಅಕ್ಷರ ಆದ ಮೇಲೆ ಆ ಸುಖ ಹೋಯ್ತು. ಹಳೇದರ ಮೇಲೆ ಹೊಸದು ಬರೆದರೆ ಹೊಲಿಗೆಯ ಗುರುತೇ ಉಳಿಯೋದಿಲ್ಲ.

ಆ ಗುರುತನ್ನ ವಾಪಸ್ ತಂದುಕೊಟ್ಟದ್ದು ಡಿಫ್ ಅನ್ನೋ ಪುಟ್ಟ ಪ್ರೋಗ್ರಾಮು. ಬೆಲ್ ಲ್ಯಾಬ್ಸ್‌ನಲ್ಲಿ ಡಗ್ಲಸ್ ಮೆಕ್‌ಇಲ್ರಾಯ್ ಬರೆದದ್ದು, 1974ರ ಐದನೇ ಆವೃತ್ತಿಯ ಯೂನಿಕ್ಸ್ ಜೊತೆ ಹೊರಗೆ ಬಂತು. ಎರಡು ಕಡತ ಕೊಡಿ, ಯಾವ ಸಾಲು ಹೋಗಿದೆ, ಯಾವ ಸಾಲು ಬಂದಿದೆ ಅಂತ ಹೇಳುತ್ತೆ. ಕೇಳೋಕೆ ಸುಲಭ. ಆದರೆ ಹಿಂದೆ ಒಳ್ಳೇ ಗಣಿತ ಇದೆ. ಎರಡೂ ಕಡತಗಳಲ್ಲಿ ಅದೇ ಅನುಕ್ರಮದಲ್ಲಿ ಬರೋ ಸಾಲುಗಳ ಅತಿ ಉದ್ದದ ಸರಣಿಯನ್ನ ಹುಡುಕಬೇಕು. ಆ ಸರಣಿಯಲ್ಲಿ ಸೇರದೇ ಹೊರಗೆ ಉಳಿದದ್ದೇ ಬದಲಾವಣೆ. ಜೇಮ್ಸ್ ಹಂಟ್ ಜೊತೆ ಸೇರಿ ಮೆಕ್‌ಇಲ್ರಾಯ್ 1976ರಲ್ಲಿ ಇದರ ವಿಧಾನವನ್ನ ಒಂದು ವರದಿಯಾಗಿ ಬರೆದರು.

ನಮ್ಮಲ್ಲಿ ಹಳಗನ್ನಡ ಓದಿದವರಿಗೆ ಇದು ಹೊಸದೇನೂ ಅನ್ನಿಸಲಿಕ್ಕಿಲ್ಲ. ಒಂದೇ ಕಾವ್ಯದ ನಾಲ್ಕು ಓಲೆಪ್ರತಿ ಮುಂದಿಟ್ಟುಕೊಂಡು ಅಡಿಟಿಪ್ಪಣಿಯಲ್ಲಿ ಪಾಠಾಂತರ ಕೊಡ್ತಾರಲ್ಲ, ಗ್ರಂಥ ಸಂಪಾದನೆ, ಅದರ ಯಾಂತ್ರಿಕ ತಮ್ಮ ಇದು. ಪುಣೆಯಲ್ಲಿರೋರು ಭಂಡಾರ್ಕರ್ ಸಂಸ್ಥೆಗೆ ಹೋಗಿ ಮಹಾಭಾರತದ ಪರಿಷ್ಕೃತ ಆವೃತ್ತಿಯ ಒಂದು ಪುಟ ತೆರೆದು ನೋಡಿ. ಮೇಲೆ ನಾಲ್ಕು ಸಾಲು ಶ್ಲೋಕ, ಕೆಳಗೆ ಇಡೀ ಪುಟ ಯಾವ ಪ್ರತಿಯಲ್ಲಿ ಏನಿದೆ ಅಂತ. ಡಿಫ್ ಓದಿ ಅಭ್ಯಾಸ ಇರೋರಿಗೆ ಆ ಪುಟ ತಕ್ಷಣ ಅರ್ಥ ಆಗುತ್ತೆ.

ಅದೇ 1976ರಲ್ಲಿ ಇನ್ನೊಂದು ಕಡೆ, ಐಬಿಎಂನಲ್ಲಿ, ಮೈಕೆಲ್ ಫೇಗನ್ ಅನ್ನೋರು ಕೋಡ್ ತಪಾಸಣೆಗೆ ಒಂದು ಪದ್ಧತಿ ಬರೆದು ಪ್ರಕಟಿಸಿದರು. ನಾಲ್ಕು ಜನ ಕೂತು, ಮುದ್ರಿಸಿದ ಕೋಡನ್ನ ಸಾಲು ಸಾಲಾಗಿ ಓದೋ ಸಭೆ. ಇದು ಬಹಳ ಜನರಿಗೆ ಗೊತ್ತು. ಆದರೆ ಆ ಸಭೆ ಆದ ಮೇಲೆ ಏನಾಗಬೇಕು ಅಂತಾನೂ ಅವರು ಬರೆದಿದ್ದರು, ಅದನ್ನ ಹೆಚ್ಚು ಜನ ಓದಿಲ್ಲ. ತಪ್ಪು ತಿದ್ದಿದ ಮೇಲೆ ಯಾರು ನೋಡಬೇಕು? ಫೇಗನ್ ಕೊಟ್ಟ ಲೆಕ್ಕ ಹೀಗಿದೆ: ತಿದ್ದುಪಡಿ ಒಟ್ಟು ವಸ್ತುವಿನ ನೂರಕ್ಕೆ 5 ಭಾಗ ಮೀರಿದರೆ ಇಡೀ ತಂಡ ಮತ್ತೆ ಕೂತು ಪೂರ್ತಿ ಓದಬೇಕು. ಅದಕ್ಕಿಂತ ಕಡಿಮೆ ಇದ್ದರೆ ಸಭೆ ನಡೆಸಿದವರು ಒಬ್ಬರೇ ನೋಡಿ ಒಪ್ಪಬಹುದು.

ನನಗೆ ಈ 5 ಅನ್ನೋ ಅಂಕಿ ಅಷ್ಟು ಮುಖ್ಯ ಅಲ್ಲ. ಮುಖ್ಯ ಏನಂದ್ರೆ, ಎರಡನೇ ಓದು ಮೊದಲನೇ ಓದಿಗಿಂತ ಬೇರೆ ಜಾತಿಯ ಕೆಲಸ ಅಂತ ಫೇಗನ್‌ಗೆ ಆಗಲೇ ಹೊಳೆದಿತ್ತು. ಮೊದಲನೇ ಸಲ ನೀವು ಕೋಡನ್ನ ಓದ್ತೀರಿ. ಎರಡನೇ ಸಲ ಓದೋದು ವ್ಯತ್ಯಾಸವನ್ನ. ತಿದ್ದೋ ಗಡಿಬಿಡಿಯಲ್ಲಿ ಹೊಸ ತಪ್ಪು ಹುಟ್ಟೋದು ಸಾಮಾನ್ಯ. ಒಂದು ಸಲ ಒಪ್ಪಿಗೆ ಸಿಕ್ಕಿದೆ ಅಂದಾಗ ಎಲ್ಲರ ಕಣ್ಣೂ ಸ್ವಲ್ಪ ಸಡಿಲ ಆಗಿರುತ್ತೆ.

ಈಗ 1985ಕ್ಕೆ ಬರೋಣ. ಮುಂದೆ ಪರ್ಲ್ ಭಾಷೆ ಮಾಡಿ ಹೆಸರಾದ ಲ್ಯಾರಿ ವಾಲ್ ಆ ವರ್ಷ ಮೇ ತಿಂಗಳಲ್ಲಿ ಪ್ಯಾಚ್ ಅನ್ನೋ ಪ್ರೋಗ್ರಾಮನ್ನ ಯೂಸ್‌ನೆಟ್‌ನಲ್ಲಿ ಹಂಚಿದರು. ಡಿಫ್ ಕೊಟ್ಟ ವ್ಯತ್ಯಾಸದ ಪಟ್ಟಿಯನ್ನ ತಗೊಂಡು ಹಳೇ ಕಡತಕ್ಕೆ ತಾನಾಗೇ ಹೊಲಿದು ಬಿಡುತ್ತೆ. ನಿಮ್ಮ ಕಡತದಲ್ಲಿ ನಾಲ್ಕು ಸಾಲು ಹೆಚ್ಚುಕಮ್ಮಿ ಆಗಿದ್ದರೂ ಸುತ್ತಲಿನ ಸಾಲುಗಳನ್ನ ನೋಡಿ ಸರಿಯಾದ ಜಾಗ ಹುಡುಕಿಕೊಳ್ಳುತ್ತೆ. ಅಲ್ಲಿಂದ ಮುಂದೆ ಜಗತ್ತಿನ ಯಾವ ಮೂಲೆಯಲ್ಲಿ ಇದ್ದವರೂ ಇಡೀ ಪ್ರೋಗ್ರಾಮು ಕಳಿಸಬೇಕಿಲ್ಲ, ಬರೀ ತೇಪೆ ಕಳಿಸಿದರೆ ಸಾಕು ಅನ್ನೋ ಹಾಗಾಯ್ತು. ಆಗಿನ ನಿಧಾನದ ಫೋನ್ ಸಂಪರ್ಕದಲ್ಲಿ ಇದು ಎಷ್ಟು ದೊಡ್ಡ ಉಳಿತಾಯ ಅಂತ ಊಹಿಸಿಕೊಳ್ಳಿ.

ಲ್ಯಾರಿ ವಾಲ್ ಇನ್ನೊಂದು ವಿಷಯಕ್ಕೂ ತಲೆ ಕೆಡಿಸಿಕೊಂಡಿದ್ದರು. ಯಾವ ತೇಪೆ ಆದ ಮೇಲೆ ಯಾವುದು? ಕೈಪಿಡಿಯಲ್ಲಿ ಅವರು ಕೊಟ್ಟ ಸಲಹೆ: ತೇಪೆಯ ಅಂಕಿಯನ್ನ ಇಟ್ಟುಕೊಳ್ಳೋದಕ್ಕೇ ಒಂದು ಪುಟ್ಟ ಕಡತ ಇಡಿ, ಪ್ರತಿ ತೇಪೆಯೂ ಮೊದಲು ಆ ಅಂಕಿಯನ್ನ ಒಂದು ಹೆಚ್ಚಿಸಲಿ. ತೇಪೆಯ ತಲೆಯಲ್ಲಿ, ಇದನ್ನ ಹಚ್ಚೋ ಮೊದಲು ಕಡತದಲ್ಲಿ ಇಂಥ ಗುರುತು ಇರಬೇಕು ಅಂತ ಒಂದು ಸಾಲು ಬರೆಯಬಹುದು. ಅನುಕ್ರಮ ತಪ್ಪಿದರೆ ಪ್ರೋಗ್ರಾಮು ಎಚ್ಚರಿಸುತ್ತೆ. ಇದು ಹಚ್ಚೋ ಯಂತ್ರಕ್ಕೆ ಮಾಡಿದ ಸಹಾಯ. ಓದೋ ಮನುಷ್ಯನಿಗೆ ಮಾಡಿದ ಸಹಾಯ ಇನ್ನೂ ಬರಬೇಕಿತ್ತು.

ಅದರಲ್ಲಿ ಒಂದು ಹೆಜ್ಜೆ 1990ರಲ್ಲಿ ಬಂತು. ವೇಯ್ನ್ ಡೇವಿಸನ್ ಡಿಫ್‌ಗೆ ಹೊಸ ರೂಪ ಕೊಟ್ಟರು. ಇವತ್ತು ನಾವು ಎಲ್ಲ ಕಡೆ ನೋಡೋದು ಅದನ್ನೇ: ಹೋದ ಸಾಲಿನ ಮುಂದೆ ಕಳೆಯೋ ಚಿಹ್ನೆ, ಬಂದ ಸಾಲಿನ ಮುಂದೆ ಕೂಡೋ ಚಿಹ್ನೆ, ಸುತ್ತ ಮೂರು ಸಾಲು ಸಂದರ್ಭ. ಅದಕ್ಕೂ ಮೊದಲಿನ ರೂಪದಲ್ಲಿ ಹಳೇದರ ತುಂಡು ಪೂರ್ತಿ ಒಂದು ಕಡೆ, ಹೊಸದರ ತುಂಡು ಪೂರ್ತಿ ಇನ್ನೊಂದು ಕಡೆ ಇರ್ತಿತ್ತು. ಓದೋರು ಕಣ್ಣನ್ನ ಮೇಲೆ ಕೆಳಗೆ ಓಡಿಸಬೇಕಿತ್ತು. ಹೊಸ ರೂಪದಲ್ಲಿ ಹಳೇದು ಹೊಸದು ಒಟ್ಟೊಟ್ಟಿಗೇ ಬರುತ್ತೆ. ನನ್ನ ಪ್ರಕಾರ ಈ ಇಡೀ ಕಥೆಯಲ್ಲಿ ಖರ್ಚಿಗೆ ಹೋಲಿಸಿದರೆ ಅತಿ ಹೆಚ್ಚು ಲಾಭ ತಂದ ಸುಧಾರಣೆ ಇದೇ.

ಮರು ವರ್ಷ, 1991ರಲ್ಲಿ, ಲಿನಕ್ಸ್ ಶುರು. ಇಲ್ಲಿಂದ ಕಥೆಗೆ ಬಿಸಿ ಏರುತ್ತೆ.

ಲಿನಕ್ಸ್‌ನ ಪದ್ಧತಿ ಏನು ಅಂದ್ರೆ ತೇಪೆಯನ್ನ ಇಮೇಲಿನಲ್ಲಿ ಕಳಿಸಬೇಕು. ಬೇರೆಯವರು ಅದೇ ಇಮೇಲಿಗೆ ಉತ್ತರವಾಗಿ ಸಾಲು ಸಾಲಿನ ಕೆಳಗೆ ಟಿಪ್ಪಣಿ ಬರೀತಾರೆ. ಎಲ್ಲ ತೇಪೆಗಳೂ ಕಡೆಗೆ ಬಂದು ಸೇರ್ತಿದ್ದದ್ದು ಲೈನಸ್ ಟೋರ್ವಾಲ್ಡ್ಸ್ ಒಬ್ಬರ ಹತ್ತಿರ. 1998ರ ಹೊತ್ತಿಗೇ ಒಬ್ಬ ಮನುಷ್ಯನ ಕೈಯಲ್ಲಿ ಇದು ಆಗೋ ಕೆಲಸ ಅಲ್ಲ ಅಂತ ಜಗಳ ಶುರುವಾಗಿತ್ತು. ಕಳಿಸಿದ ತೇಪೆ ಉತ್ತರವಿಲ್ಲದೆ ಕಳೆದುಹೋಗೋದು, ಕಳಿಸಿದವರು ಮತ್ತೆ ಕಳಿಸೋದು, ಈ ಸಲದ್ದು ಹಳೇದೇನಾ ಹೊಸದಾ ಅಂತ ಯಾರಿಗೂ ಗೊತ್ತಾಗದೇ ಇರೋದು. 2002ರಲ್ಲಿ ಬಿಟ್‌ಕೀಪರ್ ಅನ್ನೋ ಖಾಸಗಿ ಸಾಫ್ಟ್‌ವೇರ್ ಬಂದು ಸ್ವಲ್ಪ ಉಸಿರಾಡೋ ಹಾಗಾಯ್ತು, ಆದರೆ ಮುಕ್ತ ಸಾಫ್ಟ್‌ವೇರಿಗೆ ಖಾಸಗಿ ಉಪಕರಣ ಯಾಕೆ ಅಂತ ಇನ್ನೊಂದು ಜಗಳ ಹುಟ್ಟಿತು.

ಈ ಬಿಟ್‌ಕೀಪರ್ ಕಾಲದಲ್ಲಿ ನಡೆದ ಒಂದು ಘಟನೆ ಹೇಳಲೇಬೇಕು. ಎರಡು ಆವೃತ್ತಿಗಳ ನಡುವಿನ ವ್ಯತ್ಯಾಸ ನೋಡೋದು ಬರೀ ಅನುಕೂಲದ ಪ್ರಶ್ನೆ ಅಲ್ಲ ಅಂತ ಅದರಿಂದ ಗೊತ್ತಾಗುತ್ತೆ.

ಬಿಟ್‌ಕೀಪರ್ ಬಳಸೋಕೆ ಒಪ್ಪದವರಿಗಾಗಿ ಲಿನಕ್ಸ್ ಕೋಡಿನ ಒಂದು ನಕಲನ್ನ ಸಿವಿಎಸ್ ಅನ್ನೋ ಹಳೇ ಉಪಕರಣದಲ್ಲಿ ಇಟ್ಟಿದ್ದರು. ಮೂಲದಿಂದ ನಕಲಿಗೆ ಯಂತ್ರವೇ ಬದಲಾವಣೆಗಳನ್ನ ತಂದು ಹಾಕ್ತಿತ್ತು, ಆಮೇಲೆ ಎರಡನ್ನೂ ಹೋಲಿಸಿ ನೋಡ್ತಿತ್ತು. 2003ರ ನವೆಂಬರ್ ಮೊದಲ ವಾರ ಆ ಹೋಲಿಕೆಯಲ್ಲಿ ಒಂದು ಕಡತ ತಾಳೆ ಆಗಲಿಲ್ಲ. ನಕಲಿನಲ್ಲಿ ಎರಡು ಸಾಲು ಹೆಚ್ಚಿಗೆ ಇತ್ತು, ಅದಕ್ಕೆ ಮೂಲದಲ್ಲಿ ಯಾವ ದಾಖಲೆಯೂ ಇಲ್ಲ. ಯಾರೋ ನಕಲಿನ ಯಂತ್ರಕ್ಕೆ ನುಗ್ಗಿ ಸೇರಿಸಿದ್ದರು. ಓದಿದರೆ ಸಾಧಾರಣ ತಪ್ಪು ಪರೀಕ್ಷೆ ಹಾಗೆ ಕಾಣುತ್ತೆ: ಇಂಥ ವಿಚಿತ್ರ ಆಯ್ಕೆಗಳು ಬಂದಿದ್ದರೆ, ಮತ್ತು ಬಳಕೆದಾರರ ಸಂಖ್ಯೆ ಸೊನ್ನೆ ಆಗಿದ್ದರೆ, ತಪ್ಪು ಅಂತ ಹೇಳು. ಆದರೆ ಅಲ್ಲಿ ಎರಡು ಸಮ ಚಿಹ್ನೆ ಇರಬೇಕಾದ ಕಡೆ ಒಂದೇ ಇತ್ತು. ಸಿ ಭಾಷೆಯಲ್ಲಿ ಎರಡು ಸಮ ಚಿಹ್ನೆ ಅಂದ್ರೆ ಹೋಲಿಸು, ಒಂದೇ ಅಂದ್ರೆ ಬದಲಿಸು. ಸೊನ್ನೆ ಅಂದ್ರೆ ಯಂತ್ರದ ಸರ್ವಾಧಿಕಾರಿ. ಅಂದರೆ ಆ ಆಯ್ಕೆಗಳನ್ನ ಕೊಟ್ಟು ಕರೆದ ಯಾರೇ ಆಗಲಿ ಆ ಯಂತ್ರಕ್ಕೆ ಮಾಲೀಕರಾಗಿ ಬಿಡ್ತಿದ್ದರು.

ಅದು ಲಿನಕ್ಸ್‌ನ ಮೂಲಕ್ಕೆ ಸೇರಲಿಲ್ಲ, ಕೂಡಲೇ ತೆಗೆದರು. ಸಿಕ್ಕಿದ್ದು ಹೇಗೆ ಅನ್ನೋದನ್ನ ನೋಡಿ. ಯಾರೋ ಜಾಣರು ಸಾಲು ಸಾಲು ಓದಿ ಹಿಡಿದದ್ದಲ್ಲ. ಎರಡು ಪ್ರತಿ ಒಂದೇ ಇರಬೇಕಿತ್ತು, ಇರಲಿಲ್ಲ, ಅಷ್ಟೇ. ಲಕ್ಷಾಂತರ ಸಾಲಿನ ನಡುವೆ ಒಂದೇ ಒಂದು ಸಮ ಚಿಹ್ನೆಯ ಕೊರತೆಯನ್ನ ಕಣ್ಣು ಹಿಡಿಯೋದು ಕಷ್ಟ. ಆದರೆ ಬದಲಾಗಿರೋ ಎರಡೇ ಸಾಲನ್ನ ತಂದು ಮುಂದೆ ಇಟ್ಟರೆ? ಆಗ ಅನುಭವಸ್ಥರಿಗೆ ಅದು ತಕ್ಷಣ ಕಂಡಿತು.

2005ರ ಏಪ್ರಿಲ್‌ನಲ್ಲಿ ಬಿಟ್‌ಕೀಪರ್ ಸಂಬಂಧ ಮುರಿದು ಬಿತ್ತು, ಲೈನಸ್ ಕೆಲವೇ ದಿನದಲ್ಲಿ ಗಿಟ್ ಬರೆದರು, ಜುಲೈನಿಂದ ಅದರ ಉಸ್ತುವಾರಿ ಜುನಿಯೋ ಹಮಾನೋ ಅವರ ಕೈಗೆ ಹೋಯ್ತು. ಈ ಕಥೆ ಬಹಳ ಕಡೆ ಬಂದಿದೆ, ಇಲ್ಲಿ ಬೆಳೆಸೋದಿಲ್ಲ. ನಮಗೆ ಬೇಕಾದ್ದು ಗಿಟ್‌ನ ಒಂದು ಸ್ವಭಾವ. ಗಿಟ್ ಮೂಲದಲ್ಲಿ ತೇಪೆಗಳನ್ನ ಇಟ್ಟುಕೊಳ್ಳೋದಿಲ್ಲ, ಇಡೀ ಕೋಡಿನ ಸ್ಥಿತಿಚಿತ್ರ ಇಟ್ಟುಕೊಳ್ಳುತ್ತೆ. ಪ್ರತಿ ಚಿತ್ರಕ್ಕೂ ಅದರ ಒಳಗಿನ ವಸ್ತುವಿನಿಂದಲೇ ಲೆಕ್ಕ ಹಾಕಿದ ಗುರುತು ಸಂಖ್ಯೆ. ಒಂದು ಅಲ್ಪವಿರಾಮ ಬದಲಿಸಿದರೂ ಸಂಖ್ಯೆ ಪೂರ್ತಿ ಬೇರೆ. ಹಾಗಾಗಿ ನೀವು ಐದು ತೇಪೆಯ ಸರಣಿಯನ್ನ ತಿದ್ದಿ ಮತ್ತೆ ಕಳಿಸಿದಾಗ ಗಿಟ್‌ನ ಕಣ್ಣಿಗೆ ಅವು ಐದು ಹೊಚ್ಚ ಹೊಸ ಮಕ್ಕಳು. ಹಳೇ ಐದಕ್ಕೂ ಇವಕ್ಕೂ ಸಂಬಂಧ ಇದೆ ಅಂತ ಅದಕ್ಕೆ ಗೊತ್ತೇ ಇಲ್ಲ.

ಸಂಬಂಧ ಗೊತ್ತಿರೋದು ಬರೆದವರಿಗೆ. ಆದ್ದರಿಂದ ಲಿನಕ್ಸ್‌ನವರು ಅದನ್ನ ಬರೆದವರ ಕೈಯಲ್ಲೇ ಹೇಳಿಸೋ ಸಂಪ್ರದಾಯ ಬೆಳೆಸಿದರು. ಇಮೇಲಿನ ವಿಷಯದ ಸಾಲಿನಲ್ಲಿ ಚೌಕ ಆವರಣದೊಳಗೆ ಪ್ಯಾಚ್ ವಿ2, ವಿ3 ಅಂತ ಅಂಕಿ. ಸರಣಿ ಆದರೆ ಏಳರಲ್ಲಿ ಮೂರನೇದು ಅನ್ನೋ ಲೆಕ್ಕ. ಮೊದಲಿಗೆ ಸೊನ್ನೆಯ ಅಂಕಿ ಹೊತ್ತ ಮುನ್ನುಡಿ ಪತ್ರ, ಇಡೀ ಸರಣಿ ಯಾಕೆ ಬೇಕು ಅಂತ ಹೇಳೋಕೆ. ಇಷ್ಟೇ ಆಗಿದ್ದರೆ ಕಚೇರಿಯ ಫೈಲ್ ಶಿಸ್ತು ಅನ್ನಬಹುದಿತ್ತು. ನನಗೆ ತುಂಬ ಇಷ್ಟ ಆದದ್ದು ಮೂರು ಗೆರೆಯ ಉಪಾಯ.

ಪ್ರತಿ ತೇಪೆಯ ಇಮೇಲಿನಲ್ಲಿ ವಿವರಣೆ ಮುಗಿದ ಮೇಲೆ ಮೂರು ಅಡ್ಡ ಗೆರೆ ಇರುವ ಒಂದು ಸಾಲು ಬರುತ್ತೆ, ಅದಾದ ಮೇಲೆ ಕೋಡಿನ ವ್ಯತ್ಯಾಸ. ಆ ಗೆರೆಯಿಂದ ಮೇಲೆ ಇರೋದು ಇತಿಹಾಸಕ್ಕೆ ಸೇರುತ್ತೆ, ಇಪ್ಪತ್ತು ವರ್ಷ ಆದ ಮೇಲೂ ಯಾರಾದ್ರೂ ಓದಬಹುದು. ಗೆರೆಯ ಕೆಳಗೆ, ವ್ಯತ್ಯಾಸ ಶುರುವಾಗೋ ಮೊದಲು ಏನು ಬರೆದರೂ ತೇಪೆ ಹಚ್ಚೋವಾಗ ಗಿಟ್ ಅದನ್ನ ಬಿಸಾಡುತ್ತೆ. ಆ ಬಿಸಾಡೋ ಜಾಗದಲ್ಲಿ ಬರೆಯಿರಿ ಅಂತ ಲಿನಕ್ಸ್‌ನ ಮಾರ್ಗಸೂಚಿ ಹೇಳುತ್ತೆ: ವಿ1ಕ್ಕೂ ವಿ2ಕ್ಕೂ ಏನು ಬದಲಾಯ್ತು, ಯಾರು ಹೇಳಿದ್ದಕ್ಕೆ ಬದಲಾಯ್ತು. ಅಂದರೆ ಈ ಮಾತು ಪರಿಶೀಲಿಸುವವರಿಗೆ ಮಾತ್ರ, ಇವತ್ತಿಗೆ ಮಾತ್ರ. ಮದುವೆ ಮನೆಯಲ್ಲಿ ಅಡುಗೆ ಭಟ್ಟರು ಉಪ್ಪು ನೋಡಿ ಏನೋ ಹೇಳ್ತಾರಲ್ಲ, ಅದನ್ನ ಲಗ್ನಪತ್ರಿಕೆಯಲ್ಲಿ ಯಾರೂ ಅಚ್ಚು ಹಾಕಿಸೋದಿಲ್ಲ, ಹಾಗೆ.

ಇದರಲ್ಲೂ ಭಿನ್ನಮತ ಇದೆ. ಲಿನಕ್ಸ್‌ನ ಗ್ರಾಫಿಕ್ಸ್ ವಿಭಾಗದ ಹಳೇ ದಾಖಲೆ ತೆಗೆದು ನೋಡಿದರೆ ವಿ2ರಲ್ಲಿ ಹೀಗೆ, ವಿ3ರಲ್ಲಿ ಹಾಗೆ ಅಂತ ಶಾಶ್ವತ ವಿವರಣೆಯ ಒಳಗೇ ಬರೆದಿರೋದು ಬಹಳ ಸಿಗುತ್ತೆ. ಯಾಕೆ ಈ ದಾರಿ ಬಿಟ್ಟು ಆ ದಾರಿ ಹಿಡಿದರು ಅಂತ ಮುಂದಿನವರಿಗೂ ತಿಳೀಲಿ ಅನ್ನೋದು ಆ ಪಕ್ಷದ ವಾದ. ತೂಕ ಇರೋ ವಾದವೇ. ಆದರೆ ವಿ3ರಲ್ಲಿ ಕಾಗುಣಿತ ತಿದ್ದಿದೆ ಅನ್ನೋ ಸಾಲು ಚಿರಸ್ಥಾಯಿ ಆಗಿರೋದನ್ನ ನೋಡಿದಾಗ ನಾನು ಗೆರೆಯ ಕೆಳಗಿನ ಪಕ್ಷಕ್ಕೇ ವಾಲ್ತೀನಿ.

ಅದೇ ಮಾರ್ಗಸೂಚಿಯಲ್ಲಿ ಇನ್ನೊಂದು ನಿಯಮ ಇದೆ, ಫೇಗನ್ ಅವರ 5ನ್ನ ನೆನಪಿಸೋದು. ಯಾರಾದ್ರೂ ಓದಿ ಒಪ್ಪಿದರೆ, ಓದಿದ್ದೇನೆ ಅಂತ ಅವರ ಹೆಸರಿನ ಒಂದು ಸಾಲನ್ನ ಮುಂದಿನ ಆವೃತ್ತಿಗೆ ಬರೆದವರು ಸೇರಿಸಿಕೊಳ್ಳಬೇಕು. ಆದರೆ ಮುಂದಿನ ಆವೃತ್ತಿಯಲ್ಲಿ ತೇಪೆ ಗಣನೀಯವಾಗಿ ಬದಲಾಗಿದ್ದರೆ ಆ ಹೆಸರನ್ನ ತೆಗೆಯಬೇಕು, ತೆಗೆದಿದ್ದೇನೆ ಅಂತ ಗೆರೆಯ ಕೆಳಗೆ ಹೇಳಬೇಕು. ಇದು ಮರ್ಯಾದೆಯ ಪ್ರಶ್ನೆ. ನೀವು ಓದಿ ಸಹಿ ಹಾಕಿದ ಕಾಗದಕ್ಕೆ ಆಮೇಲೆ ಎರಡು ಪುಟ ಸೇರಿಸಿದರೆ ಆ ಸಹಿ ನಿಮ್ಮದಾ? ಐಬಿಎಂನವರು ಶೇಕಡಾ ಲೆಕ್ಕ ಇಟ್ಟರು, ಲಿನಕ್ಸ್‌ನವರು ಗಣನೀಯ ಅಂತ ಹೇಳಿ ಬರೆದವರ ಮನಸ್ಸಾಕ್ಷಿಗೆ ಬಿಟ್ಟರು. ಎರಡರಲ್ಲೂ ಸಂದು ಇದೆ. 5ಕ್ಕೆ ಮೀರದ ಒಂದೇ ಒಂದು ಸಾಲೂ ಮನೆ ಮುಳುಗಿಸಬಹುದು, ಈಗಷ್ಟೇ ಸಮ ಚಿಹ್ನೆಯ ಕಥೆ ಕೇಳಿದಿರಿ.

ಸರಿ, ಬರೆದವರು ಹೇಳ್ತಾರೆ. ಆದರೆ ಹೇಳೋಕೆ ಮರೆತರೆ? ಅಥವಾ ಬೇಕಂತಲೇ ಹೇಳದೇ ಇದ್ದರೆ? ಯಂತ್ರವೇ ತೋರಿಸಬೇಕು ಅಲ್ವಾ? ಇಲ್ಲಿ ಎರಡು ದಾರಿ ಕವಲೊಡೆಯುತ್ತೆ.

ಒಂದು ಗೂಗಲ್‌ನ ದಾರಿ. ಪೈಥಾನ್ ಭಾಷೆಯ ಗೀಡೋ ವ್ಯಾನ್ ರಾಸಮ್ ಗೂಗಲ್‌ಗೆ ಸೇರಿದ ಮೇಲೆ ಮಾಂಡ್ರಿಯನ್ ಅನ್ನೋ ಪರಿಶೀಲನಾ ಉಪಕರಣ ಮಾಡಿದರು, 2006ರಲ್ಲಿ ಅದರ ಬಗ್ಗೆ ಸಾರ್ವಜನಿಕವಾಗಿ ಮಾತಾಡಿದರು. ಅದರ ಮುಕ್ತ ತಮ್ಮ ರೀಟ್‌ವೆಲ್ಟ್. ಅದರಿಂದ ಆಂಡ್ರಾಯ್ಡ್ ಕೆಲಸಕ್ಕಾಗಿ ಕವಲೊಡೆದು ಬೆಳೆದದ್ದು ಗೆರಿಟ್. ಹೆಸರುಗಳು ಎಲ್ಲಾ ಡಚ್: ಮಾಂಡ್ರಿಯನ್ ಚಿತ್ರಕಾರ, ಗೆರಿಟ್ ರೀಟ್‌ವೆಲ್ಟ್ ವಾಸ್ತುಶಿಲ್ಪಿ, ಕೆಂಪು ನೀಲಿ ಕುರ್ಚಿಯೊಂದನ್ನ ಮಾಡಿ ಪ್ರಸಿದ್ಧ. ವ್ಯಾನ್ ರಾಸಮ್ ಕೂಡ ಡಚ್ಚರೇ. ಗೆರಿಟ್‌ನಲ್ಲಿ ಪ್ರತಿ ಬದಲಾವಣೆಯ ವಿವರಣೆಯ ಕೆಳಗೆ ಒಂದು ಶಾಶ್ವತ ಗುರುತು ಇರುತ್ತೆ, ಚೇಂಜ್ ಐಡಿ. ಎಷ್ಟು ಸಲ ತಿದ್ದಿ ಕಳಿಸಿದರೂ ಆ ಗುರುತು ಬದಲಾಗಬಾರದು. ಹಾಗಾಗಿ ಇದು ಅದರದ್ದೇ ನಾಲ್ಕನೇ ರೂಪ ಅಂತ ಗೆರಿಟ್‌ಗೆ ಗೊತ್ತಾಗುತ್ತೆ. ನೀವು ಎರಡನೇ ರೂಪ ಓದಿ ರಜೆಗೆ ಹೋಗಿದ್ದರೆ, ಬಂದು ಎರಡಕ್ಕೂ ಐದಕ್ಕೂ ಇರೋ ವ್ಯತ್ಯಾಸ ಮಾತ್ರ ತೋರಿಸು ಅಂತ ಕೇಳಬಹುದು. ಕೈಗೆ ಹೆಸರಿನ ಪಟ್ಟಿ ಕಟ್ಟಿ ಮಗುವನ್ನ ಜಾತ್ರೆಗೆ ಕರಕೊಂಡು ಹೋದ ಹಾಗೆ. ಕಳೆದುಹೋಗೋ ಭಯ ಇಲ್ಲ.

ಇನ್ನೊಂದು ಇಮೇಲಿನವರ ದಾರಿ. ಇವರಿಗೆ ಆ ಗುರುತಿನ ಪಟ್ಟಿ ಇಷ್ಟ ಇಲ್ಲ, ಶಾಶ್ವತ ದಾಖಲೆಯಲ್ಲಿ ಅರ್ಥವಿಲ್ಲದ ಅಂಕಿ ಯಾಕೆ ಅಂತ. ಮೊದಲಿಗೆ ಅವರ ಹತ್ತಿರ ಇದ್ದದ್ದು ಟಿಮ್ ವಾ ಅವರ ಪ್ಯಾಚ್‌ಯುಟಿಲ್ಸ್ ಕಂತೆಯಲ್ಲಿನ ಇಂಟರ್‌ಡಿಫ್. ಮೊದಲ ತೇಪೆ ಹಚ್ಚಿದ ಮೇಲಿನ ಕೋಡಿಗೂ ಎರಡನೇದನ್ನ ಹಚ್ಚಿದ ಮೇಲಿನ ಕೋಡಿಗೂ ಏನು ವ್ಯತ್ಯಾಸ ಅಂತ ಹೇಳುತ್ತೆ. ಒಂದೇ ತೇಪೆ, ಒಂದೇ ಅಡಿಪಾಯ ಇದ್ದರೆ ಸೊಗಸು. ಆದರೆ ನಿಜ ಜೀವನದಲ್ಲಿ ಎರಡು ವಾರದಲ್ಲಿ ಅಡಿಪಾಯವೇ ಬದಲಾಗಿರುತ್ತೆ, ಬೇರೆಯವರ ಇನ್ನೂರು ಬದಲಾವಣೆ ಸೇರಿರುತ್ತೆ. ಐದು ಇದ್ದ ತೇಪೆ ಆರಾಗಿರುತ್ತೆ, ಎರಡನೇದು ಒಡೆದು ಎರಡು ಹೋಳಾಗಿರುತ್ತೆ, ನಾಲ್ಕನೇದು ಮೊದಲಿಗೆ ಬಂದಿರುತ್ತೆ.

ಇದಕ್ಕೆ ಉತ್ತರ ಥಾಮಸ್ ರಾಸ್ಟ್ ಬರೆದ ಟಿಬಿಡಿಫ್ ಅನ್ನೋ ಪೈಥಾನ್ ಪ್ರೋಗ್ರಾಮು. ಅದನ್ನ ಯೋಹಾನೆಸ್ ಶಿಂಡೆಲಿನ್ ಸಿ ಭಾಷೆಯಲ್ಲಿ ಹೊಸದಾಗಿ ಬರೆದು ಗಿಟ್‌ನ ಒಳಗೇ ತಂದರು. 2018ರ ಸೆಪ್ಟೆಂಬರ್‌ನ ಗಿಟ್ 2.19ರಲ್ಲಿ ರೇಂಜ್-ಡಿಫ್ ಅನ್ನೋ ಹೆಸರಿನಲ್ಲಿ ಬಂತು. ಇದು ಗುರುತಿನ ಪಟ್ಟಿ ಕೇಳೋದಿಲ್ಲ, ಮುಖ ನೋಡಿ ಗುರುತು ಹಿಡಿಯುತ್ತೆ. ಹೇಗೆ ಅಂದ್ರೆ, ಹಳೇ ಸರಣಿಯ ಪ್ರತಿ ತೇಪೆಯನ್ನೂ ಹೊಸ ಸರಣಿಯ ಪ್ರತಿ ತೇಪೆಯ ಜೊತೆ ಹೋಲಿಸುತ್ತೆ. ಎರಡರ ನಡುವಿನ ವ್ಯತ್ಯಾಸ ಎಷ್ಟು ದೊಡ್ಡದೋ ಅಷ್ಟು ಖರ್ಚು. ಒಟ್ಟು ಖರ್ಚು ಅತಿ ಕಡಿಮೆ ಆಗೋ ಹಾಗೆ ಜೋಡಿ ಮಾಡಬೇಕು.

ಗಣಿತ ಓದಿದವರು ಇಷ್ಟರಲ್ಲಿ ನಕ್ಕಿರ್ತಾರೆ. ಹತ್ತು ಕೆಲಸ, ಹತ್ತು ಜನ, ಯಾರಿಗೆ ಯಾವ ಕೆಲಸ ಕೊಟ್ಟರೆ ಒಟ್ಟು ಖರ್ಚು ಕಡಿಮೆ ಅನ್ನೋ ಪುರಾತನ ಲೆಕ್ಕ ಇದು. 1955ರಲ್ಲಿ ಹೆರಾಲ್ಡ್ ಕುನ್ ಇದಕ್ಕೆ ಒಂದು ವಿಧಾನ ಕೊಟ್ಟು, ಅದಕ್ಕೆ ಆಧಾರ ಆದ ಇಬ್ಬರು ಹಂಗೇರಿಯ ಗಣಿತಜ್ಞರ ಗೌರವಕ್ಕೆ ಹಂಗೇರಿಯನ್ ವಿಧಾನ ಅಂತ ಕರೆದರು. ಗಿಟ್‌ನಲ್ಲಿ ಇರೋದು ಅದೇ ಸಮಸ್ಯೆಗೆ 1987ರಲ್ಲಿ ಯೋಂಕರ್ ಮತ್ತು ವೋಲ್ಖೆನಾಂಟ್ ಕೊಟ್ಟ ಇನ್ನೂ ವೇಗದ ದಾರಿ. ಕಾರ್ಖಾನೆಯ ಕೂಲಿ ಹಂಚಿಕೆಗೆ ಅಂತ ಪಾಠ ಮಾಡೋ ಲೆಕ್ಕ ಇಲ್ಲಿ ತೇಪೆಗಳಿಗೆ ಜಾತಕ ಕೂಡಿಸೋ ಕೆಲಸ ಮಾಡ್ತಿದೆ. ಎಲ್ಲ ತೇಪೆಗೂ ಬಲವಂತದ ಜೋಡಿ ಬೇಡ ಅಂತ ಒಂದು ಮಿತಿಯೂ ಇದೆ, ಅದರ ಸಿದ್ಧ ಬೆಲೆ 60. ವ್ಯತ್ಯಾಸ ಆ ಪ್ರಮಾಣಕ್ಕೆ ಮೀರಿದರೆ ಇದು ತಿದ್ದಿದ ಹಳೇ ತೇಪೆ ಅಲ್ಲ, ಹಳೇದು ಹೋಯ್ತು ಹೊಸದು ಬಂತು ಅಂತ ಲೆಕ್ಕ.

ಫಲಿತಾಂಶ ಓದೋದು ಹೇಗೆ? ಒಂದೊಂದು ಜೋಡಿಗೆ ಒಂದೊಂದು ಸಾಲು. ಮಧ್ಯೆ ಸಮ ಚಿಹ್ನೆ ಇದ್ದರೆ ಏನೂ ಬದಲಾಗಿಲ್ಲ, ಮತ್ತೆ ಓದಬೇಕಿಲ್ಲ. ಆಶ್ಚರ್ಯಸೂಚಕ ಇದ್ದರೆ ಬದಲಾಗಿದೆ, ಕೆಳಗೆ ವಿವರ ಬರುತ್ತೆ. ಬಾಣದ ಮೂತಿ ಎಡಕ್ಕಿದ್ದರೆ ಹಳೇದು ಕೈಬಿಟ್ಟಿದ್ದಾರೆ, ಬಲಕ್ಕಿದ್ದರೆ ಹೊಸದು. ಏಳು ತೇಪೆಯ ಸರಣಿಯಲ್ಲಿ ಐದು ಸಮ, ಎರಡು ಆಶ್ಚರ್ಯ ಅಂತ ಒಂದೇ ನೋಟಕ್ಕೆ ಕಂಡರೆ ಪರಿಶೀಲಿಸುವವರ ಸಂಜೆ ಉಳೀತು.

ಆದರೆ ಆಶ್ಚರ್ಯಸೂಚಕದ ಕೆಳಗಿನ ವಿವರ ಮೊದಲ ಸಲ ನೋಡಿದವರಿಗೆ ತಲೆ ತಿರುಗುತ್ತೆ. ಯಾಕಂದ್ರೆ ಅದು ವ್ಯತ್ಯಾಸದ ವ್ಯತ್ಯಾಸ. ಪ್ರತಿ ಸಾಲಿಗೂ ಎರಡು ಚಿಹ್ನೆ. ಒಳಗಿನದು ತೇಪೆಯದ್ದು, ಹೊರಗಿನದು ತೇಪೆ ಹೇಗೆ ಬದಲಾಯ್ತು ಅನ್ನೋದು. ಹೊರಗೆ ಕಳೆಯೋದು, ಒಳಗೆ ಕೂಡೋದು ಇದ್ದರೆ ಅರ್ಥ: ಮೊದಲ ಆವೃತ್ತಿ ಈ ಸಾಲನ್ನ ಸೇರಿಸ್ತಿತ್ತು, ಎರಡನೇದು ಸೇರಿಸ್ತಿಲ್ಲ. ಎರಡೂ ಕಳೆಯೋದೇ ಆಗಿದ್ದರೆ: ಮೊದಲನೇದು ಈ ಸಾಲನ್ನ ಅಳಿಸ್ತಿತ್ತು, ಈಗ ಅಳಿಸ್ತಿಲ್ಲ, ಅಂದರೆ ಆ ಸಾಲು ಕೋಡಿನಲ್ಲಿ ಉಳೀತು. ಸಾಲದ ಬಡ್ಡಿ ಲೆಕ್ಕ ಹಾಕೋ ಕೋಡು ಅಂದುಕೊಳ್ಳಿ. ದರ ಸೊನ್ನೆ ಇದೆಯಾ ಅಂತ ನೋಡೋ ಒಂದು ಸಾಲನ್ನ ಮೊದಲ ತೇಪೆ ಸೇರಿಸಿತ್ತು, ನೀವು ಮೆಚ್ಚಿ ಒಪ್ಪಿದ್ದಿರಿ. ಎರಡನೇದರಲ್ಲಿ ಅದು ಸದ್ದಿಲ್ಲದೆ ಬಿದ್ದುಹೋಗಿದೆ. ಎರಡನೇ ತೇಪೆಯನ್ನ ಮಾತ್ರ ಓದಿದರೆ ಅದು ನಿಮಗೆ ಕಾಣೋದೇ ಇಲ್ಲ, ಇಲ್ಲದೇ ಇರೋದನ್ನ ಕಣ್ಣು ಹೇಗೆ ನೋಡುತ್ತೆ? ರೇಂಜ್-ಡಿಫ್‌ನಲ್ಲಿ ಮಾತ್ರ ಅದು ಕೆಂಪಗೆ ಎದ್ದು ಕಾಣುತ್ತೆ. ಒಂದು ವಾರ ರೂಢಿ ಮಾಡಿಕೊಂಡರೆ ಸಾಕು, ಆಮೇಲೆ ಇದಿಲ್ಲದೆ ಓದೋಕೆ ಮನಸ್ಸು ಬರೋದಿಲ್ಲ.

ಬಹಳ ಜನ ಕೆಲಸ ಮಾಡೋದು ಗಿಟ್‌ಹಬ್ ಥರದ ಕಡೆ. ಅಲ್ಲಿ ಇನ್ನೊಂದು ರೂಢಿ ಬೆಳೆದಿದೆ: ಹಳೇದನ್ನ ತಿದ್ದಬೇಡಿ, ಟಿಪ್ಪಣಿಗೆ ಉತ್ತರವಾಗಿ ಮೇಲೆ ಮೇಲೆ ಹೊಸ ತೇಪೆ ಹಾಕ್ತಾ ಹೋಗಿ, ಕೊನೆಗೆ ಎಲ್ಲ ಹಿಂಡಿ ಒಂದು ಮಾಡೋಣ ಅಂತ. ಓದೋರಿಗೆ ಹೊಸದು ಯಾವುದು ಅಂತ ತಕ್ಷಣ ಗೊತ್ತಾಗುತ್ತೆ, ಅದು ನಿಜ. ಆದರೆ ಕೊನೆಗೆ ಉಳಿಯೋದು ಒಂದು ದೊಡ್ಡ ಮುದ್ದೆ, ಯಾವ ಸಾಲು ಯಾಕೆ ಬಂತು ಅಂತ ಮುಂದೆ ಹುಡುಕೋರಿಗೆ ಕಷ್ಟ. ಮಧ್ಯದ ದಾರಿ ಗಿಟ್‌ನಲ್ಲೇ ಇದೆ. ಇದು ಇಂಥ ತೇಪೆಗೆ ತಿದ್ದುಪಡಿ ಅಂತ ಫಿಕ್ಸಪ್ ಗುರುತು ಹಾಕಿ ಕಳಿಸಿ, ಒಪ್ಪಿಗೆ ಆದ ಮೇಲೆ ಆಟೋಸ್ಕ್ವಾಶ್ ಅಂತ ಹೇಳಿದರೆ ಪ್ರತಿ ತಿದ್ದುಪಡಿಯೂ ತನ್ನ ತನ್ನ ತೇಪೆಯ ಒಳಗೆ ಹೋಗಿ ಕೂರುತ್ತೆ. ನಮ್ಮ ಕೇಳುಗರಲ್ಲಿ ಯಾರಾದ್ರೂ ತಂಡ ನಡೆಸ್ತಾ ಇದ್ದರೆ ಇದನ್ನ ಒಮ್ಮೆ ಪ್ರಯತ್ನಿಸಿ ನೋಡಿ.

ಇಮೇಲಿನವರ ಕಡೆ ಇತ್ತೀಚಿನ ಬೆಳವಣಿಗೆ ಬಿ4 ಅನ್ನೋ ಉಪಕರಣ, ಕರ್ನಲ್ ಡಾಟ್ ಆರ್ಗ್ ನೋಡಿಕೊಳ್ಳೋ ಕಾನ್‌ಸ್ಟಂಟಿನ್ ರ‍್ಯಾಬಿಟ್ಸೆವ್ ಬರೆದದ್ದು. ಸ್ಟಾರ್ ಟ್ರೆಕ್ ನೋಡಿದವರಿಗೆ ಹೆಸರು ಎಲ್ಲಿಂದ ಬಂತು ಅಂತ ಗೊತ್ತಾಗುತ್ತೆ. ಲಿನಕ್ಸ್‌ನ ಒಂದು ಬಿಡುಗಡೆಯಲ್ಲಿ ಈಗ ಹತ್ತು ಸಾವಿರಕ್ಕೂ ಹೆಚ್ಚು ಬದಲಾವಣೆ ಇರುತ್ತೆ, ಅದೂ ಒಂಬತ್ತು ಹತ್ತು ವಾರಕ್ಕೆ ಒಂದು ಬಿಡುಗಡೆ. ಓದೋ ಜನ ಆ ವೇಗದಲ್ಲಿ ಬೆಳೆದಿಲ್ಲ. ಬಿ4 ಇಮೇಲಿನ ರಾಶಿಯಿಂದ ವಿ2, ವಿ3ಗಳನ್ನ ತಾನೇ ಹೆಕ್ಕಿ ತಂದು, ಎರಡರ ನಡುವೆ ರೇಂಜ್-ಡಿಫ್ ಓಡಿಸಿ ಮುಂದೆ ಇಡುತ್ತೆ. ಕಳಿಸೋರ ಕಡೆಯೂ ಆವೃತ್ತಿಯ ಅಂಕಿ, ಮುನ್ನುಡಿ ಪತ್ರ, ಯಾವ ಅಡಿಪಾಯದ ಮೇಲೆ ಕಟ್ಟಿದ್ದು ಅನ್ನೋ ಗುರುತು, ಎಲ್ಲ ಅದೇ ನೋಡಿಕೊಳ್ಳುತ್ತೆ.

ಆದರೆ ಏನು ಬದಲಾಯ್ತು ಅಂತ ಯಂತ್ರ ತೋರಿಸಬಹುದು, ಯಾಕೆ ಬದಲಾಯ್ತು ಅಂತ ಅದಕ್ಕೆ ಗೊತ್ತಿಲ್ಲ. ಬೀಗ ಹಾಕೋ ಜಾಗ ಎರಡು ಸಾಲು ಮೇಲೆ ಹೋಗಿದೆ ಅಂತ ರೇಂಜ್-ಡಿಫ್ ಹೇಳುತ್ತೆ. ಅದು ಯಾರದೋ ಟಿಪ್ಪಣಿಗೆ ಉತ್ತರವಾ, ಪರೀಕ್ಷೆ ಮಾಡೋವಾಗ ಸಿಕ್ಕ ಹೊಸ ತೊಂದರೆಯಾ, ಅಥವಾ ಸುಮ್ಮನೆ ಕೈ ತಪ್ಪಿ ಆದದ್ದಾ? ಅದಕ್ಕೆ ಈಗಲೂ ಮೂರು ಗೆರೆಯ ಕೆಳಗಿನ ನಾಲ್ಕು ಸಾಲೇ ಬೇಕು. ಎರಡೂ ಇದ್ದಾಗ ಒಂದಕ್ಕೊಂದು ತಾಳೆ ನೋಡಬಹುದು. ಬರೆದವರು ಹೇಳಿದ್ದು ಒಂದು ಪಟ್ಟಿ, ಯಂತ್ರ ಕಂಡದ್ದು ಇನ್ನೊಂದು ಪಟ್ಟಿ. ಹೇಳದೇ ಇರೋದು ಯಂತ್ರದ ಪಟ್ಟಿಯಲ್ಲಿ ಕಂಡರೆ ಅಲ್ಲಿ ನಿಂತು ಪ್ರಶ್ನೆ ಕೇಳಬೇಕು.

ಕೊನೆಗೊಂದು ಸ್ವಾರಸ್ಯ. ರೇಂಜ್-ಡಿಫ್ ಅನ್ನೋ ಸೌಲಭ್ಯವೂ ಗಿಟ್ ಒಳಗೆ ಸೇರಿದ್ದು ತೇಪೆಗಳ ಸರಣಿಯಾಗಿಯೇ, ಅದೇ ಇಮೇಲಿನಲ್ಲಿ, ಅದೇ ಟಿಪ್ಪಣಿ ತಿದ್ದುಪಡಿಗಳ ಚಕ್ರದಲ್ಲಿ. ಶುರುವಿನಲ್ಲಿ ಅದರ ಹೆಸರೇ ಬೇರೆ, ಬ್ರಾಂಚ್-ಡಿಫ್ ಅಂತ. ಚರ್ಚೆಯಲ್ಲಿ ಹೆಸರೂ ಬದಲಾಯ್ತು, ಒಳಗಿನ ಕೋಡೂ ಬದಲಾಯ್ತು, ಅನೇಕ ಆವೃತ್ತಿಗಳು ಬಂದವು. ಪ್ರತಿ ಸಲ ಹೊಸ ಆವೃತ್ತಿ ಕಳಿಸೋವಾಗ, ಹಿಂದಿನದಕ್ಕಿಂತ ಇದರಲ್ಲಿ ಏನು ಬೇರೆ ಅಂತ ತೋರಿಸೋಕೆ ಶಿಂಡೆಲಿನ್ ಮುನ್ನುಡಿ ಪತ್ರದ ಕೆಳಗೆ ಅಂಟಿಸ್ತಿದ್ದದ್ದು ಇನ್ನೂ ಒಪ್ಪಿಗೆ ಸಿಗದ ಅದೇ ಪ್ರೋಗ್ರಾಮಿನ ಫಲಿತಾಂಶವನ್ನ.